‘ಆಬ್ಸೆಂಟ್’ ಅಂತ ಬರೆಯುವ ಮುಂಚೆ

ನಮ್ಮ ಕಡೆ ‘ಮಾನಸಿಕ ಆರೋಗ್ಯ’ ಅನ್ನುವ ಮಾತನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ. ಅದು ಆಸ್ಪತ್ರೆ ಗೋಡೆಯ ಮಾತು, ವರ್ಷಕ್ಕೊಮ್ಮೆ ಅಕ್ಟೋಬರ್ 10ಕ್ಕೆ ಕಟ್ಟುವ ಬ್ಯಾನರಿನ ಮಾತು. ಹಾಗಂತ ಆ ನೋವಿಗೆ ನಮ್ಮಲ್ಲಿ ಹೆಸರೇ ಇಲ್ಲ ಅಂತಲ್ಲ. ‘ಮನಸಿಗೆ ಹಚ್ಗೊಂಡಾಳ’, ‘ನಿದ್ದಿ ಹತ್ತವಲ್ದು’, ‘ಎದಿ ಭಾರ ಆಗ್ಯಾದ’, ‘ಜೀವಕ್ಕ ಸಮಾಧಾನ ಇಲ್ಲ’. ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ತಾಸು ಕೂತರೆ ಇಷ್ಟೂ ಮಾತು ಕಿವಿಗೆ ಬೀಳುತ್ತವೆ. ಕೇಳಿದವರು ‘ಎಲ್ಲಾರ ಮನ್ಯಾಗೂ ಇದ್ದದ್ದೇ ಬಿಡು’ ಅಂತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ.

ಕಾಲೇಜಿನಲ್ಲಿ ಇದೇ ನೋವಿಗೆ ಬೇರೆ ಹೆಸರಿದೆ. ಅಲ್ಲಿ ಅದಕ್ಕೆ ‘ಆಬ್ಸೆಂಟ್’ ಅಂತಾರೆ.

ಕ್ಲಾಸಿಗೆ ಬಾರದವರೆಲ್ಲ ಮನಸ್ಸಿನ ನೋವಿನಿಂದಲೇ ಬಂದಿಲ್ಲ ಅಂತ ನಾನು ಹೇಳುತ್ತಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ದೇವದುರ್ಗ ಕಡೆಯ ಹುಡುಗ ಹುಡುಗಿಯರು ಹೊಲದಲ್ಲಿರುತ್ತಾರೆ. ಭತ್ತದ ನಾಟಿ ಶುರುವಾದರೆ ಮಾನ್ವಿ ಕಡೆಯ ಕಾಲುವೆ ಊರುಗಳ ಮಕ್ಕಳು ಗದ್ದೆಯಲ್ಲಿರುತ್ತಾರೆ. ಅಪ್ಪ ಅವ್ವ ಬೆಂಗಳೂರಿಗೋ ಪುಣೆಗೋ ಗುಳೆ ಹೋದರೆ, ಮನೆಯಲ್ಲಿ ಅಜ್ಜಿ ಮತ್ತು ತಮ್ಮ ತಂಗಿಯರನ್ನು ನೋಡಿಕೊಳ್ಳಲು ಯಾರಾದರೂ ಉಳಿಯಲೇಬೇಕು. ‘ಹತ್ತಿ ಬಿಡಸಾಕ ಹೋಗ್ಯಾಳ್ರೀ ಸರ್’ ಅಂತ ಪಕ್ಕದ ಬೆಂಚಿನವರು ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆ. ತೊಂದರೆ ಇರುವುದು ಇಲ್ಲೇ. ಈ ಉತ್ತರ ಎಷ್ಟು ಸಹಜ ಅಂದರೆ, ಹೊಲಕ್ಕೂ ಹೋಗದೆ, ಕ್ಲಾಸಿಗೂ ಬಾರದೆ, ಹಾಸ್ಟೆಲ್ ರೂಮಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವಳೂ ಅದೇ ಉತ್ತರದಲ್ಲಿ ಮುಚ್ಚಿಹೋಗುತ್ತಾಳೆ. ಹಾಜರಿ 75 ಪರ್ಸೆಂಟ್‌ಗಿಂತ ಕಡಿಮೆಯಾದರೆ ಪರೀಕ್ಷೆಗೆ ಕೂಡಿಸುವುದಿಲ್ಲ ಅನ್ನುವ ನೋಟಿಸು ಹೊಲಕ್ಕೆ ಹೋದವಳಿಗೂ ಅಷ್ಟೇ, ಹಾಸಿಗೆ ಹಿಡಿದವಳಿಗೂ ಅಷ್ಟೇ.

ಯಾರು ಕಾಲೇಜಿಗೆ ಬರುತ್ತಾರೆ

ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಇತ್ತು. ಅದರಲ್ಲಿ ದೇವದುರ್ಗವೂ ಇತ್ತು, ಮಾನ್ವಿಯೂ ಇತ್ತು. ಅಲ್ಲಿಂದ ಇಲ್ಲಿಗೆ ಹಲವು ಬಾಗಿಲು ತೆರೆದಿವೆ. 371ಜೆ ಬಂದ ಮೇಲೆ ಸೀಟು ಮತ್ತು ನೌಕರಿಯಲ್ಲಿ ನಮ್ಮ ಭಾಗಕ್ಕೆ ಮೀಸಲಾತಿ ಸಿಕ್ಕಿತು. ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ, ರಿಮ್ಸ್, ಟ್ರಿಪಲ್ ಐಟಿ ಆದವು. ಯರಗೇರಾದ ಸ್ನಾತಕೋತ್ತರ ಕೇಂದ್ರ ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬೇರೆಯಾಗಿ ನಮ್ಮದೇ ವಿಶ್ವವಿದ್ಯಾಲಯವಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು. ಬಸ್ ಚಾರ್ಜಿಗೆ ದುಡ್ಡಿಲ್ಲ ಅಂತ ಹೆಣ್ಣುಮಕ್ಕಳನ್ನು ಮನೆಯಲ್ಲಿ ಕೂಡಿಸಿಕೊಳ್ಳುವ ನೆಪ ತಪ್ಪಿತು.

ಹೀಗೆ ಬಾಗಿಲು ದಾಟಿ ಬಂದವರಲ್ಲಿ ಬಹಳ ಮಂದಿ ತಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವರು. ಕಾಲೇಜು ಅಂದರೆ ಹೇಗಿರುತ್ತದೆ, ಒಂದು ಸಬ್ಜೆಕ್ಟ್ ಹೋದರೆ ಏನು ಮಾಡಬೇಕು, ಸ್ಕಾಲರ್‌ಶಿಪ್ ಅರ್ಜಿ ಯಾಕೆ ರಿಜೆಕ್ಟ್ ಆಯಿತು ಅಂತ ಕೇಳಲು ಮನೆಯಲ್ಲಿ ಯಾರೂ ಇಲ್ಲ. ಪಿಯುಸಿ ತನಕ ಕನ್ನಡದಲ್ಲಿ ಓದಿ ಫಸ್ಟ್ ಕ್ಲಾಸ್ ತಂದವರು, ನರ್ಸಿಂಗಿಗೋ ಬಿಎಸ್‌ಸಿಗೋ ಸೇರಿದ ಮೊದಲ ವಾರದಲ್ಲೇ ಇಂಗ್ಲಿಷ್ ನೋಟ್ಸ್ ಮುಂದೆ ಪೆಪ್ಪರಾಗಿ ಕೂರುತ್ತಾರೆ. ಊರಲ್ಲಿ ಶಾಣ್ಯಾ ಅನ್ನಿಸಿಕೊಂಡವರು ಇಲ್ಲಿ ಬಾಯಿ ಬಿಡಲು ಹೆದರುತ್ತಾರೆ.

ಸಂಜೆ ಮನೆಯಿಂದ ಫೋನ್ ಬರುತ್ತದೆ. ‘ಚಲೋ ಓದವ್ವಾ, ಮನಿ ನಿನ್ನ ಮ್ಯಾಲೆ ನಿಂತದ.’ ಅಪ್ಪ ಪ್ರೀತಿಯಿಂದಲೇ ಹೇಳುವ ಮಾತು. ಆದರೆ ಎರಡು ಸಬ್ಜೆಕ್ಟ್ ಹೋಗಿರುವ ಹುಡುಗಿಗೆ ಅದು ತಲೆ ಮೇಲೆ ಹೊರಿಸಿದ ಮೂಟೆಯ ಹಾಗೆ ಕೇಳುತ್ತದೆ. ‘ಹೂಂ ಅಪ್ಪಾ’ ಅಂತಾಳೆ. ಮರುದಿನದಿಂದ ಅಪ್ಪನ ಫೋನ್ ಎತ್ತುವುದನ್ನೇ ಬಿಡುತ್ತಾಳೆ.

ನನ್ನ ರೂಮಿನ ಹುಡುಗಿ

ಕೋವಿಡ್‌ಗೆ ಮುಂಚಿನ ಮಾತು. ನಾನು ಮಾನ್ವಿ ತಾಲ್ಲೂಕಿನವಳು. ರಾಯಚೂರಿನಲ್ಲಿ ಡಿಗ್ರಿ ಓದುವಾಗ ಹಾಸ್ಟೆಲ್‌ನಲ್ಲಿ ನಮ್ಮ ರೂಮಿಗೆ ಆರು ಮಂದಿ. ಅವರಲ್ಲಿ ಒಬ್ಬಳು ದೇವದುರ್ಗ ಕಡೆಯವಳು. ಮೊದಲ ವರ್ಷ ಇಡೀ ಹಾಸ್ಟೆಲಿಗೇ ಕೇಳುವ ಹಾಗೆ ನಗುತ್ತಿದ್ದಳು. ಎರಡನೇ ವರ್ಷ ದೀಪಾವಳಿ ಮುಗಿಸಿ ಬಂದವಳು ಮಾತು ಕಡಿಮೆ ಮಾಡಿದಳು. ಮೆಸ್ಸಿಗೆ ಬರುವುದು ಬಿಟ್ಟಳು. ರಾತ್ರಿ ಎರಡಕ್ಕೆ ಎಚ್ಚರವಾಗಿ ನೋಡಿದರೆ ಕೂತಿರುತ್ತಿದ್ದಳು. ನಾವು ರೊಟ್ಟಿ ತಂದಿಟ್ಟರೆ ಮರುದಿನ ಬೆಳಗ್ಗೆ ಅಲ್ಲೇ ಒಣಗಿರುತ್ತಿತ್ತು. ರೂಮಿನಲ್ಲಿ ಕೆಲವರು ಗಾಳಿ ಸೋಕಿದೆ ಅಂದರು. ಅವರ ಅವ್ವ ಬಂದು ತಾಯತ ಕಟ್ಟಿಸಿ ಹೋದರು.

ಕ್ಲಾಸಿನಲ್ಲಿ ಅವಳ ನಂಬರ್ ಕೂಗಿದಾಗ ‘ಬಂದಿಲ್ರೀ ಮೇಡಂ’ ಅನ್ನುವುದು ರೂಢಿಯಾಯಿತು. ಮೂರನೇ ವಾರ ಒಬ್ಬ ಮೇಡಂ ಹಾಜರಿ ಪುಸ್ತಕ ಮುಚ್ಚಿ, ‘ಊರಿಗೆ ಹೋಗ್ಯಾಳೋ, ರೂಮಿನ್ಯಾಗ ಅದಾಳೋ?’ ಅಂತ ಕೇಳಿದರು. ರೂಮಿನಲ್ಲಿದ್ದಾಳೆ ಅಂದೆವು. ಸಂಜೆ ಕ್ಲಾಸ್ ಮುಗಿಸಿ ವಾರ್ಡನ್‌ಗೆ ಹೇಳಿ ನಮ್ಮ ಜೊತೆಗೇ ಬಂದರು.

ಬಂದವರು ಓದಿನ ಮಾತೇ ಎತ್ತಲಿಲ್ಲ. ಅವಳ ಟ್ರಂಕಿನ ಮೇಲೆ ಕೂತು ‘ಉಂಡಿಯೇನವ್ವಾ?’ ಅಂದರು. ಆಮೇಲೆ ‘ನಿದ್ದಿ ಬರ್ತದೇನು?’ ಅಂದರು. ಅವಳು ಅಳಲು ಶುರು ಮಾಡಿದಳು. ಮೇಡಂ ಸುಮ್ಮನಿರಿಸಲು ಹೋಗಲಿಲ್ಲ, ಬುದ್ಧಿ ಹೇಳಲೂ ಇಲ್ಲ. ಕೈ ಹಿಡಿದುಕೊಂಡು ಕೂತರು. ಅರ್ಧ ತಾಸಿನ ಮೇಲೆ ಒಂದೊಂದೇ ಮಾತು ಹೊರಗೆ ಬಂತು. ಎರಡು ಸಬ್ಜೆಕ್ಟ್ ಹೋಗಿದ್ದವು, ಮನೆಯಲ್ಲಿ ಹೇಳಿರಲಿಲ್ಲ. ಮೆಣಸಿನಕಾಯಿ ಬೆಳೆಗೆ ಅಪ್ಪ ಸಾಲ ಮಾಡಿದ್ದರು. ಯುಗಾದಿ ಮುಗಿದ ಮೇಲೆ ಮದುವೆ ಮಾಡುವ ಮಾತು ನಡೆದಿತ್ತು. ತನ್ನ ಓದಿಗೆ ಹಾಕಿದ ದುಡ್ಡೆಲ್ಲ ನೀರಿಗೆ ಹೋಯಿತು, ತಾನಿದ್ದರೆ ಮನೆಗೆ ಭಾರ ಅಂತ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು.

ಆಗ ಮೇಡಂ ನೇರವಾಗಿ ಕೇಳಿದರು. ‘ಜೀವಾನೇ ಬ್ಯಾಡ ಅನಸ್ತದೇನವ್ವಾ?’

ನಾವು ಐದು ಮಂದಿಯೂ ಬೆಚ್ಚಿದೆವು. ಅಂಥ ಮಾತು ಕೇಳಬಾರದು, ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅಂತಲೇ ನಾವು ತಿಳಿದಿದ್ದೆವು. ಅದು ಹಾಗಲ್ಲ. ಇದನ್ನು ನಾನು ಆಮೇಲೆ ಓದಿ, ಡಾಕ್ಟರುಗಳನ್ನು ಕೇಳಿ ತಿಳಿದುಕೊಂಡೆ. ನೇರವಾಗಿ, ಸಮಾಧಾನದಿಂದ ಕೇಳಿದರೆ ಹೊಸ ಯೋಚನೆ ಹುಟ್ಟುವುದಿಲ್ಲ. ಒಳಗೆ ಇದ್ದದ್ದು ಹೊರಗೆ ಬರಲು ದಾರಿ ಸಿಗುತ್ತದೆ. ಅವಳು ‘ಹೂಂ’ ಅಂತ ತಲೆ ಆಡಿಸಿದಳು. ಆ ರಾತ್ರಿ ಅವಳನ್ನು ಒಬ್ಬಳೇ ಬಿಡಬೇಡಿ ಅಂತ ಮೇಡಂ ನಮಗೆ ಹೇಳಿದರು. ಅಲ್ಲಿಂದಲೇ ಅವರಪ್ಪನಿಗೆ ಫೋನ್ ಮಾಡಿದರು. ಮಾರನೆಯ ದಿನ ಬೆಳಗ್ಗೆ ಅಪ್ಪ ಮಗಳನ್ನು ತಾವೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು.

ಅವರಪ್ಪ ಹೊರಗೆ ಬೆಂಚಿನ ಮೇಲೆ ಕೂತು ಮೇಡಂಗೆ ಕೇಳಿದ್ದು ಒಂದೇ ಪ್ರಶ್ನೆ. ‘ಹುಚ್ಚಿ ಅಂತ ಚೀಟಿ ಬರ್ದು ಕೊಡ್ತಾರೇನ್ರೀ? ನಾಳಿ ಯಾರು ಮಾಡ್ಕೊಂತಾರ?’ ಡಾಕ್ಟರ್ ಅವರನ್ನು ಒಳಗೆ ಕರೆದು ಹೇಳಿದರು, ಇದಕ್ಕೆ ಖಿನ್ನತೆ ಅಂತಾರೆ, ಇದು ಹುಚ್ಚಲ್ಲ, ಔಷಧವಿದೆ ಅಂತ. ಮಾತ್ರೆ ಕೆಲಸ ಮಾಡುವುದು ಗೊತ್ತಾಗಲು ಎರಡು ಮೂರು ವಾರ ಬೇಕು, ಆರಾಮಾಯಿತು ಅಂತ ತಾವೇ ನಿಲ್ಲಿಸಬಾರದು ಅಂದರು. ತಾಯತ ಬಿಚ್ಚಿ ಅಂತ ಮಾತ್ರ ಅನ್ನಲಿಲ್ಲ. ಅದರ ಪಾಡಿಗೆ ಅದಿರಲಿ, ಮಾತ್ರೆ ತಪ್ಪಿಸಬೇಡಿ ಅಂದರು. ಆ ಮಾತಿಗೆ ಅವರವ್ವನೂ ಒಪ್ಪಿದರು.

ಅವಳಿಗೆ ಒಂದು ವರ್ಷ ಹಿಂದೆ ಬಿತ್ತು. ಮದುವೆ ಮುಂದಕ್ಕೆ ಹೋಯಿತು. ಡಿಗ್ರಿ ಮುಗಿಸಿದಳು. ಈಗ ಒಂದು ಶಾಲೆಯಲ್ಲಿ ಕಲಿಸುತ್ತಾಳೆ. ಇದನ್ನು ಬರೆಯಲೇ ಅಂತ ಕೇಳಿದಾಗ, ‘ಹೆಸರು ಹಾಕಬ್ಯಾಡ, ಉಳಿದದ್ದು ಬರಿ’ ಅಂದಳು.

ಆ ಮೇಡಂ ಯಾರು

ಆ ಮೇಡಂ ಕಾಯಂ ನೌಕರರಲ್ಲ, ಅತಿಥಿ ಉಪನ್ಯಾಸಕಿ. ನಮ್ಮ ಭಾಗದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ನಡೆಯುವುದು ಅತಿಥಿಗಳಿಂದಲೇ. ಆಗ ಅವರ ಗೌರವಧನ ತಿಂಗಳಿಗೆ 11 ಸಾವಿರದಿಂದ 13 ಸಾವಿರ ರೂಪಾಯಿ, ಅದೂ ಪ್ರತಿ ತಿಂಗಳು ಬರುತ್ತಿರಲಿಲ್ಲ. ಸೆಮಿಸ್ಟರ್ ಮುಗಿದರೆ ಕೆಲಸವೂ ಮುಗಿಯಿತು. ಲಾಕ್‌ಡೌನ್ ಬಂದಾಗ ಕೈಯಲ್ಲಿ ಏನೂ ಇರಲಿಲ್ಲ. ಈಚೆಗೆ ಅವರ ಜೊತೆ ಮಾತಾಡಿದಾಗ ಆ ದಿನಗಳ ಬಗ್ಗೆ ಹೇಳಿದರು. ‘ಊರಾಗ ನರೇಗಾ ಕೆಲಸಕ್ಕ ಹೋದೆ. ಸೆರಗು ಮುಖದ ಮ್ಯಾಲೆ ಎಳ್ಕೊಂಡು ಮಣ್ಣು ಹೊರ್ತಿದ್ದೆ. ಪಕ್ಕದಾಗ ನೋಡಿದ್ರ ನನ್ನ ಕ್ಲಾಸಿನ ಹುಡುಗಿ. ಇಬ್ರೂ ಮಾತಾಡ್ಲಿಲ್ಲ.’

ರಾತ್ರಿ ನಿದ್ದೆ ಬರದ ದಿನಗಳು ಅವರಿಗೂ ಇದ್ದವು. ಯಾರ ಹತ್ತಿರ ಹೇಳಿಕೊಂಡಿರಿ ಅಂತ ಕೇಳಿದೆ. ನಕ್ಕರು. ‘ನಾವು ಮಕ್ಕಳನ್ನ ಕೇಳ್ತೀವಿ. ನಮ್ಮನ್ನ ಕೇಳೋರು ಯಾರವ್ವಾ?’

2022ರ ಜನವರಿಯಲ್ಲಿ ಸರ್ಕಾರ ಗೌರವಧನ ಏರಿಸಿತು. ಯುಜಿಸಿ ಅರ್ಹತೆ ಇದ್ದು ಐದು ವರ್ಷಕ್ಕಿಂತ ಹೆಚ್ಚು ಪಾಠ ಮಾಡಿದವರಿಗೆ 32 ಸಾವಿರ ಆಯಿತು. ಅದರ ಜೊತೆಗೇ ಒಬ್ಬೊಬ್ಬರಿಗೆ ವಾರಕ್ಕೆ 15 ತಾಸಿನ ಪಾಠ ಅಂತ ಮಾಡಿದರು. ಇದ್ದ ಪಾಠವನ್ನೇ ಕಡಿಮೆ ಮಂದಿಗೆ ಹಂಚಿದ್ದರಿಂದ ಬಹಳ ಜನ ಹೊರಗುಳಿದರು. 2023ರ ನವೆಂಬರ್‌ನಲ್ಲಿ ರಾಜ್ಯದ ಅತಿಥಿ ಉಪನ್ಯಾಸಕರು ತರಗತಿ ಬಹಿಷ್ಕರಿಸಿ ಧರಣಿ ಕೂತರು. ಕೇಳಿದ್ದು ಮುಖ್ಯವಾಗಿ ಒಂದೇ, ಸೇವೆ ಕಾಯಂ ಮಾಡಿ ಅಂತ. ಪೇಪರಿನಲ್ಲಿ ಇದನ್ನು ನಾವು ಸಂಬಳದ ಸುದ್ದಿ ಅಂತ ಓದಿದೆವು. ನನಗೆ ಇದು ಮಕ್ಕಳ ಮನಸ್ಸಿನ ಸುದ್ದಿಯೂ ಹೌದು ಅನಿಸುತ್ತದೆ. ಮುಂದಿನ ವರ್ಷ ತಾನಿಲ್ಲಿ ಇರುತ್ತೇನೋ ಇಲ್ಲವೋ ಗೊತ್ತಿಲ್ಲದವರು ಅರವತ್ತು ಮಕ್ಕಳ ಮುಖ ನೆನಪಿಟ್ಟುಕೊಳ್ಳುವುದು ಹೇಗೆ?

ನಮ್ಮ ಕಾಲೇಜುಗಳಲ್ಲಿ ‘ಕೌನ್ಸೆಲಿಂಗ್’ ಅನ್ನುವ ಮಾತು ಎಲ್ಲರಿಗೂ ಗೊತ್ತು. ಹುಡುಗರಿಗೆ ಅದು ಸಿಇಟಿ ಸೀಟು ಹಂಚಿಕೆ. ಅತಿಥಿ ಉಪನ್ಯಾಸಕರಿಗೆ ಅದು ಯಾವ ಊರಿನ ಕಾಲೇಜು ಸಿಗುತ್ತದೆ ಅನ್ನುವ ಆನ್‌ಲೈನ್ ಆಯ್ಕೆ. ಕೂತು ಮನಸ್ಸಿನ ಮಾತು ಕೇಳುವುದಕ್ಕೂ ಕೌನ್ಸೆಲಿಂಗ್ ಅಂತಾರೆ ಅನ್ನುವುದು ಇಬ್ಬರಿಗೂ ಅನುಭವದಲ್ಲಿಲ್ಲ. ನನ್ನ ರೂಮಿನ ಹುಡುಗಿ ಆಸ್ಪತ್ರೆಗೆ ಹೋದ ಮುಂದಿನ ವರ್ಷ ಆ ಮೇಡಂ ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ಕೌನ್ಸೆಲಿಂಗ್‌ನಲ್ಲಿ ಅವರಿಗೆ ಬೇರೆ ಊರು ಬಂದಿತ್ತು. ಅವರು ಒಂದು ವರ್ಷ ಮುಂಚೆ ಹೋಗಿದ್ದರೆ ಏನಾಗುತ್ತಿತ್ತು ಅಂತ ನಾನು ಬಹಳ ಸಲ ಯೋಚನೆ ಮಾಡಿದ್ದೇನೆ.

ಬಳ್ಳಾರಿ ಕಲಿಸಿದ ಪಾಠ

ಆ ಮೇಡಂ ಮನಶ್ಶಾಸ್ತ್ರ ಓದಿದವರಲ್ಲ. ಆದರೂ ಅವರು ಮಾಡಿದ ಕೆಲಸ ಸರಿಯಾಗಿತ್ತು. ಇದು ಅದೃಷ್ಟ ಅಂತ ಅನಿಸಬಹುದು. ಆದರೆ ಇಂಥದ್ದನ್ನು ಕಲಿಸಲು ಸಾಧ್ಯ ಅಂತ ನಮ್ಮ ಪಕ್ಕದ ಜಿಲ್ಲೆಯಲ್ಲೇ ಬಹಳ ಹಿಂದೆ ತೋರಿಸಿದ್ದಾರೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಕೆಲವೇ ಕೆಲವು ಮುಖ್ಯ ಔಷಧಗಳನ್ನು ಕೆಳಗಿನ ಆಸ್ಪತ್ರೆಗಳಿಗೆ ತಲುಪಿಸಿದರು. ಮಾನಸಿಕ ಕಾಯಿಲೆ ಗುರುತಿಸಲು ಬೆಂಗಳೂರಿನ ತಜ್ಞರೇ ಬರಬೇಕಿಲ್ಲ, ಊರಿನಲ್ಲಿ ಇರುವವರಿಗೇ ಕಲಿಸಿದರೆ ಆಗುತ್ತದೆ ಅಂತ ಗೊತ್ತಾಯಿತು. ಇದಕ್ಕೆ ‘ಬಳ್ಳಾರಿ ಮಾದರಿ’ ಅಂತಲೇ ಹೆಸರು ಬಂತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ತಳಹದಿ.

ಹಳ್ಳಿಯ ಆರೋಗ್ಯ ಕಾರ್ಯಕರ್ತೆಗೆ ಕಲಿಸಬಹುದಾದದ್ದನ್ನು ಕಾಲೇಜಿನ ಉಪನ್ಯಾಸಕರಿಗೆ, ಹಾಸ್ಟೆಲ್ ವಾರ್ಡನ್‌ಗೆ, ದಿನಾ ಊಟ ಬಡಿಸುವ ಅಡುಗೆಯಮ್ಮನಿಗೆ ಯಾಕೆ ಕಲಿಸಬಾರದು? ಯಾರು ಎರಡು ದಿನದಿಂದ ಉಂಡಿಲ್ಲ ಅನ್ನುವುದು ಪ್ರಿನ್ಸಿಪಾಲರಿಗಿಂತ ಮೊದಲು ಗೊತ್ತಾಗುವುದು ಅಡುಗೆಯಮ್ಮನಿಗೇ.

ಕೋರ್ಟು ಏನು ಹೇಳಿದೆ

2022 ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ತಮ್ಮ ಜೀವ ತಾವೇ ತೆಗೆದುಕೊಂಡರು ಅಂತ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕ ಕೊಟ್ಟಿದೆ. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಕಾಲೇಜು ವಿದ್ಯಾರ್ಥಿಗಳ ಮಾನಸಿಕ ಸಂಕಟದ ಬಗ್ಗೆ ನೋಡಲು ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ಕಾರ್ಯಪಡೆ ಮಾಡಿತು. ಅದೇ ವರ್ಷ ಜುಲೈ 25ರಂದು, ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಹುಡುಗಿಯೊಬ್ಬಳ ಸಾವಿನ ಪ್ರಕರಣದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಮಾರ್ಗಸೂಚಿ ಕೊಟ್ಟಿತು. ಅದರಲ್ಲಿ ನಮಗೆ ಬೇಕಾದ ಮಾತುಗಳು ಇವು:

100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿ ಪಡೆದ ಆಪ್ತಸಮಾಲೋಚಕರು ಒಬ್ಬರಾದರೂ ಇರಬೇಕು. ಅದಕ್ಕಿಂತ ಸಣ್ಣ ಸಂಸ್ಥೆಯವರು ಹೊರಗಿನ ತಜ್ಞರ ಜೊತೆ ವ್ಯವಸ್ಥೆ ಮಾಡಿಕೊಳ್ಳಬೇಕು. ಪಾಠ ಮಾಡುವವರಿಗೂ ಉಳಿದ ಸಿಬ್ಬಂದಿಗೂ ವರ್ಷಕ್ಕೆ ಎರಡು ಸಲವಾದರೂ ಈ ಬಗ್ಗೆ ತರಬೇತಿ ಆಗಬೇಕು. ಸಹಾಯವಾಣಿಯ ನಂಬರನ್ನು ಹಾಸ್ಟೆಲ್, ತರಗತಿಗಳಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಕಡಿಮೆ ಮಾರ್ಕ್ಸ್ ಬಂತು ಅಂತ ಎಲ್ಲರ ಮುಂದೆ ಅವಮಾನ ಮಾಡಬಾರದು.

ನಿಮ್ಮೂರ ಹುಡುಗರು ಓದುವ ಕಾಲೇಜಿನಲ್ಲಿ ಇವುಗಳಲ್ಲಿ ಎಷ್ಟು ನಡೆದಿವೆ ಅಂತ ಕೇಳಲು ನೀವು ವಕೀಲರಾಗಬೇಕಿಲ್ಲ. ಸರ್ಕಾರಿ ಕಾಲೇಜಿಗೆ ಅಭಿವೃದ್ಧಿ ಸಮಿತಿ ಇರುತ್ತದೆ, ಸಾಮಾನ್ಯವಾಗಿ ಶಾಸಕರೇ ಅದರ ಅಧ್ಯಕ್ಷರು. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ 13ರಂದು ಶುರುವಾದ ಧರಣಿ ವರ್ಷಗಟ್ಟಲೆ ನಡೆದದ್ದನ್ನು ನಾವೆಲ್ಲ ನೋಡಿದ್ದೇವೆ. ಅಷ್ಟು ದೊಡ್ಡ ಆಸ್ಪತ್ರೆ ಕೇಳುವ ಗಟ್ಟಿತನ ಇರುವ ಜಿಲ್ಲೆ, ಕಾಲೇಜಿಗೆ ಒಬ್ಬ ಆಪ್ತಸಮಾಲೋಚಕರನ್ನು ಕೊಡಿ ಅಂತಲೂ ಕೇಳಬಹುದು. ಕೇಳುವಾಗ ಒಂದು ಮಾತು ಸೇರಿಸಿ. ಆ ಸಮಾಲೋಚಕರು ಮಕ್ಕಳಿಗೆ ಮಾತ್ರ ಅಲ್ಲ, ಅತಿಥಿ ಉಪನ್ಯಾಸಕರಿಗೂ, ಡಿ ಗ್ರೂಪ್ ನೌಕರರಿಗೂ ಸಿಗುವಂತಿರಲಿ.

ಈಗಲೇ ಏನಿದೆ

ಕೇಳಿದ್ದು ಬರುವ ತನಕ ಸುಮ್ಮನೆ ಕೂರಬೇಕಿಲ್ಲ. ಈಗ ಇರುವುದು ಇಷ್ಟು.

14416 ಟೆಲಿ ಮನಸ್ ಅನ್ನುವ ಸರ್ಕಾರಿ ಸಹಾಯವಾಣಿ. 2022ರ ಅಕ್ಟೋಬರ್ 10ಕ್ಕೆ ಶುರುವಾಯಿತು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ನೋವಿನಲ್ಲಿರುವವರೇ ಮಾಡಬೇಕು ಅಂತೇನಿಲ್ಲ. ‘ನಮ್ಮ ರೂಮಿನಾಗ ಒಬ್ಬಾಕಿ ಹಿಂಗ ಅದಾಳ, ನಾವೇನು ಮಾಡ್ಬೇಕು?’ ಅಂತ ಗೆಳತಿಯರೂ ಕೇಳಬಹುದು.

ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರ ತಂಡ ಮಂಗಳವಾರಗಳಲ್ಲಿ ಬರುವ ‘ಮನೋಚೈತನ್ಯ’ ಅನ್ನುವ ಕಾರ್ಯಕ್ರಮ ರಾಜ್ಯದಲ್ಲಿದೆ. ದೇವದುರ್ಗಕ್ಕೆ, ಮಾನ್ವಿಗೆ ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲಿ ಕೇಳಿ, ಇಲ್ಲವೇ ನಿಮ್ಮೂರ ಆಶಾ ಕಾರ್ಯಕರ್ತೆಯನ್ನು ಕೇಳಿ. ರಾಯಚೂರಿನಲ್ಲಿ ಇರುವವರಿಗೆ ರಿಮ್ಸ್ ಆಸ್ಪತ್ರೆ ಇದೆ.

ಇನ್ನು ಚೀಟಿಯ ಹೆದರಿಕೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ನಿಮ್ಮ ಕಾಯಿಲೆಯ ವಿಷಯ ಗುಟ್ಟಾಗಿಡುವುದು ಡಾಕ್ಟರುಗಳ ಕರ್ತವ್ಯ. ಜೀವ ತೆಗೆದುಕೊಳ್ಳಲು ಹೋಗಿ ಉಳಿದವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ನೋಡಬೇಕು, ಕೇಸ್ ಹಾಕಿ ಶಿಕ್ಷೆ ಕೊಡಬಾರದು ಅಂತ ಅದೇ ಕಾಯ್ದೆ ಹೇಳುತ್ತದೆ. ಪೊಲೀಸರಿಗೆ ಹೆದರಿ ಆಸ್ಪತ್ರೆಗೆ ಒಯ್ಯದೆ ಮನೆಯಲ್ಲೇ ಇಟ್ಟುಕೊಳ್ಳುವುದು ಬೇಡ.

ಎರಡು ವಾರಕ್ಕಿಂತ ಹೆಚ್ಚು ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಮೊದಲು ಖುಷಿ ಕೊಡುತ್ತಿದ್ದದ್ದು ಯಾವುದೂ ಬೇಡವಾಗಿದೆ ಅಂದರೆ ಡಾಕ್ಟರಿಗೆ ತೋರಿಸಬೇಕು. ‘ನಾನಿಲ್ಲಂದ್ರ ಎಲ್ಲಾರಿಗೂ ಆರಾಮ’ ಅನ್ನುವ ಮಾತು ಬಾಯಿಂದ ಬಂದರೆ ಎರಡು ವಾರ ಕಾಯಬೇಡಿ. ಅವತ್ತೇ ಜೊತೆಗೆ ಕೂರಿ, ಅವತ್ತೇ ಕರೆದುಕೊಂಡು ಹೋಗಿ.

ಉಪನ್ಯಾಸಕರಲ್ಲಿ ನನ್ನದೊಂದು ವಿನಂತಿ. ಒಂದೇ ಹೆಸರಿನ ಮುಂದೆ ಸತತವಾಗಿ ಐದನೇ ಸಲ ‘ಆಬ್ಸೆಂಟ್’ ಅಂತ ಬರೆಯುವ ಮುಂಚೆ, ಎಲ್ಲಿದ್ದಾಳೆ, ಹೇಗಿದ್ದಾಳೆ ಅಂತ ಒಬ್ಬರನ್ನಾದರೂ ಕೇಳಿ. ನಿಮ್ಮ ಜೊತೆ ಸ್ಟಾಫ್ ರೂಮಿನಲ್ಲಿ ಕೂರುವವರು ನಾಲ್ಕು ದಿನದಿಂದ ಡಬ್ಬಿ ತೆರೆಯದಿದ್ದರೆ ಅವರನ್ನೂ ಕೇಳಿ.

ಹಳ್ಳಿಯಲ್ಲಿ ಇದನ್ನು ಓದುತ್ತಿರುವ ಅಪ್ಪ ಅವ್ವಂದಿರಲ್ಲಿ, ಅಣ್ಣಂದಿರಲ್ಲಿ ಕೇಳುವುದು ಇನ್ನೂ ಸಣ್ಣದು. ಇವತ್ತು ಸಂಜೆ ಹಾಸ್ಟೆಲ್‌ನಲ್ಲಿರುವ ಮಗಳಿಗೋ ತಮ್ಮನಿಗೋ ಫೋನ್ ಮಾಡಿದಾಗ ಮಾರ್ಕ್ಸ್ ಕೇಳುವುದನ್ನು ಕೊನೆಗೆ ಇಟ್ಟುಕೊಳ್ಳಿ. ಒಂದು ಸಬ್ಜೆಕ್ಟ್ ಹೋದರೆ ಮತ್ತೆ ಕಟ್ಟಬಹುದು, ಅದಕ್ಕೆ ನಾವಿದ್ದೇವೆ ಅಂತ ಒಮ್ಮೆ ಬಾಯಿಬಿಟ್ಟು ಹೇಳಿ. ಅವರು ಗೊತ್ತಿದೆ ಅಂತಾರೆ. ಆದರೂ ಹೇಳಿ.